ಮೂರನೇ ಬಳೆ

ಚೀಟಿಯಲ್ಲಿ ಬರೆದುಕೊಂಡಿದ್ದು ಐದು ಊರು:
ಬಂಕಾಪುರ, ಹಾವೇರಿ, ಗಳಗನಾಥ,
ಚೌಡದಾನಪುರ, ಹೊತ್ತು ಉಳಿದರೆ ರಟ್ಟೀಹಳ್ಳಿ.
ಸಂಜೆ ಐದಕ್ಕೆ ನಾವಿನ್ನೂ ಬಂಕಾಪುರದಲ್ಲೇ ಇದ್ದೆವು,
ಒಂದೇ ಕಂಬದ ಮುಂದೆ.

ಮೌಲಾಸಾಬ್ ಕಾಕಾನನ್ನು ಕರೆದುಕೊಂಡು ಹೋಗಿದ್ದೇ ತಪ್ಪು.
ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತಾರು ವರ್ಷ
ಲೇಥಿನ ಮುಂದೆ ನಿಂತ ಮನುಷ್ಯ;
ಪಕ್ಕದ ಮಷೀನು ನಮ್ಮಪ್ಪನದು.
ಈಗಲೂ ಭೋಂಗಾ ಕೂಗಿದರೆ
ಚಹಾದ ಬಸಿ ಕೆಳಗಿಟ್ಟು ಎದ್ದು ನಿಲ್ಲುತ್ತಾನೆ,
ಆಮೇಲೆ ನೆನಪಾಗಿ ಕೂಡುತ್ತಾನೆ.

ಕೋಟೆಯ ಕಂದಕದಲ್ಲಿ ನೀರಿಲ್ಲ, ಜಾಲಿ ಇದೆ.
ಅಗಸಿ ದಾಟಿದರೆ ದನಗಳ ಫಾರ್ಮು.
ಖಿಲಾರಿ ಹೋರಿಗಳು ನಮ್ಮ ಕಾರನ್ನು ನೋಡಿದವು,
ಅಂಥದ್ದೇನಿಲ್ಲವೆಂದು ಮೇವಿಗೆ ತಿರುಗಿದವು.
ಗೋಡೆಯ ಮೇಲೆ ನವಿಲೊಂದು ತನ್ನ ಬಾಲವನ್ನು
ಒಣಹಾಕಿದ ಸೀರೆಯ ಹಾಗೆ ಇಳಿಬಿಟ್ಟಿತ್ತು.

ಗುಡಿ ನೆಲಕ್ಕಿಂತ ಕೆಳಗೆ.
ಮೆಟ್ಟಿಲಿಳಿದು ಹೋಗಬೇಕು,
ಯಾರದೋ ಮನೆಯ ಹಗೇವಿಗೆ ಇಳಿದ ಹಾಗೆ.
"ಅರವತ್ತು ಕಂಬದ ಗುಡಿ ಅಂತಾರ್ರಿ," ಅಂದ ಕಾವಲಿನ ಫಕ್ಕೀರಪ್ಪ,
"ಎಣಿಸಿದರ ಹೆಚ್ಚಿಗಿ ಅದಾವ."

ನಾನು ಕತ್ತೆತ್ತಿ ಭುವನೇಶ್ವರಿ ನೋಡುತ್ತಿದ್ದೆ.
ಕಾಕಾ ನೋಡಲಿಲ್ಲ.
ಕಂಬದ ಬುಡಕ್ಕೆ ಕುಕ್ಕರಗಾಲಲ್ಲಿ ಕೂತು
ತೋರುಬೆರಳಿನ ಮೋಟು ಹಚ್ಚಿದ.
ಎಂಬತ್ತೊಂದರಲ್ಲಿ ಆ ತುದಿಯನ್ನು ಲೇಥು ತಿಂದಿತ್ತು.
"ಉಳಿದ ಒಂಬತ್ತು ಬೆರಳು ಸುಳ್ಳು ಹೇಳ್ಯಾವು,
ಅಂವನ ಮೋಟು ಹೇಳೂದಿಲ್ಲ," ಅನ್ನುತ್ತಿದ್ದ ಅಪ್ಪ.

"ಕೆತ್ತಿದ್ದಲ್ಲವ್ವಾ ಇದು, ತಿರುವಿದ್ದು."
ಅಷ್ಟು ಹೇಳಿ ಸುಮ್ಮನಾದ.

ಆಮೇಲೆ ಎರಡನೇ ಕಂಬ, ಏಳನೆಯದು, ಹನ್ನೊಂದನೆಯದು.
ಮೂಲೆಯಲ್ಲಿ, ಯಾರೂ ಫೋಟೋ ತೆಗೆಯದ ಒಂದರ ಹತ್ತಿರ
ಬೆರಳು ನಿಂತಿತು. ಮುಂದೆ ಹೋಯಿತು. ಹಿಂದೆ ಬಂತು.
"ಮೂರನೇ ಬಳಿ ನೋಡಿಲ್ಲೆ.
ಕೂದಲೆಳಿಯಷ್ಟು ದಪ್ಪ ಆಗೇತಿ.
ಉಳಿ ಜಾರೇತಿ. ಯಾರೋ ಕರದಾರ, ಹೊರಳಿ ನೋಡ್ಯಾನ."

ನನಗೆ ಕಾಣಲಿಲ್ಲ.
ಕಲ್ಲಿನಲ್ಲಿ ನನ್ನ ಮುಖ ಕಂಡಿತು,
ಕಪ್ಪಗೆ, ಸೊಟ್ಟಗೆ.

"ಮುಟ್ಟಬ್ಯಾಡ್ರಿ ಯಜಮಾನ್ರ, ಬೋರ್ಡ್ ಐತಿ."
"ನಾನೆಲ್ಲಿ ಮುಟ್ಟೇನಿ? ಮಾತಾಡಸಾಕತ್ತೇನಿ."
ಫಕ್ಕೀರಪ್ಪ ಬೋರ್ಡು ನೋಡಿದ, ಕಾಕಾನನ್ನು ನೋಡಿದ,
ಬೀಡಿ ಸೇದಲು ಮೇಲೆ ಹತ್ತಿದ.

ಶಾಲೆ ಹುಡುಗರ ದಂಡೊಂದು ಬಂದು
ತಮ್ಮ ತಮ್ಮ ಹೆಸರು ತಾವೇ ಕೂಗಿ
ಗುಡಿ ತಿರುಗಿ ಕೂಗಿದ್ದು ಕೇಳಿ ಹೋಯಿತು.

ಇಷ್ಟು ತೂಕದ ಕಲ್ಲು ಹೇಗೆ ತಿರುಗಿತು?
ಕಾಕಾನಿಗೆ ಮಧ್ಯಾಹ್ನವೆಲ್ಲ ಅದೇ.
ನಿಲ್ಲಿಸಿಯೋ ಮಲಗಿಸಿಯೋ, ಹೋರಿ ಕಟ್ಟಿದರೋ ಆಳು ಹಚ್ಚಿದರೋ,
ಎಣ್ಣೆ ಯಾವುದು ಬಿಟ್ಟರು, ಕುಸುಬಿಯೋ, ಔಡಲವೋ?
ಕಟ್ಟಿಸಿದ ಅರಸರ ಮಾತು ನಾನು ಎತ್ತಿದರೆ
"ಅಂವ ಪಗಾರ ಕೊಟ್ಟಾನ, ಅಷ್ಟ," ಅಂದು ಕೈ ಬೀಸಿದ.
"ತಪ್ಪ ಮಾಡಿದಾಂವನ ಹೆಸರ ಹೇಳು."

ಶಾಸನದ ಕಲ್ಲಿನ ಮುಂದೆ ಹೋಗಿ ನಿಂತೆ.
ಭೂಮಿ, ತೋಟ, ಗಾಣ,
ಅಳಿಸಿದವನು ಹೋಗುವ ನರಕ,
ಎಲ್ಲ ಇರಬಹುದು ಅಲ್ಲಿ; ನನಗೆ ಓದಲು ಬರುವುದಿಲ್ಲ.
ಕೊನೆಗೆ ಕಾಕಾನೇ ಹೆಸರಿಟ್ಟ: ಸೋಮವಾರದಾಂವ.
ರವಿವಾರದ ಸುಸ್ತು ಇಳಿಯದ ಕೈ ಅದು,
ತನಗೆ ಗೊತ್ತು.

ಶಿಗ್ಗಾಂವಿಯಲ್ಲಿ ಸವಣೂರ ಖಾರ ಕಟ್ಟಿಸಿಕೊಂಡೆವು.
ತಡಸ ಕ್ರಾಸಿನ ಹೊತ್ತಿಗೆ ಕಾಕಾ ನಿದ್ದೆ ಹೋಗಿದ್ದ,
ಮೋಟು ಬೆರಳು ಸೀಟಿನ ಅಂಚಿನ ಮೇಲೆ
ಹಿಂದೆ ಮುಂದೆ, ಹಿಂದೆ ಮುಂದೆ.

ರಾತ್ರಿ ಚಪಾತಿ ಲಟ್ಟಿಸುವಾಗ ಕೈ ನಿಂತಿತು.
ಗುಜರಿಯ ಹಿತ್ತಾಳೆಯಲ್ಲಿ ಅಪ್ಪ ತಿರುವಿಕೊಟ್ಟ ಲಟ್ಟಣಿಗೆ;
ಹಿಡಿಕೆಗೆ ನಾಲ್ಕು ನಾಲ್ಕು ಬಳೆ.
ಎಡಗಡೆಯ ಮೂರನೆಯದು ಚೂರು ದಪ್ಪ.
ಇಷ್ಟು ವರ್ಷ ಅದನ್ನು ಡಿಸೈನು ಅಂದುಕೊಂಡಿದ್ದೆ.

ಹಿಟ್ಟು ಒರೆಸಿ ಬೆರಳು ಹಚ್ಚಿದೆ.
ಯಾರು ಕರೆದಿದ್ದರು ಆವತ್ತು,
ಯಾವ ಕಡೆ ಹೊರಳಿ ನೋಡಿದ್ದ?